ನಾನು ಕಳಿಸಿಬಿಟ್ಟ ದನಿ

ಪಿಯುಸಿ ಎರಡನೆಯ ವರ್ಷದಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಕುಕ್ಕುವಾಡದಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬರುತ್ತಿದ್ದಳು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವಳಿಗೆ ಇಂಗ್ಲಿಷಿನ ವಿಜ್ಞಾನ ಕಷ್ಟವಾಗುತ್ತಿತ್ತು. ನಾನು ದಾವಣಗೆರೆಯಲ್ಲೇ ಬೆಳೆದವಳು, ಇಂಗ್ಲಿಷ್ ಶಾಲೆಯವಳು. ಅವಳು ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. ನಾನು ಅದನ್ನು ತಿಂದು ಅವಳ ಉಚ್ಚಾರಣೆ ತಿದ್ದುತ್ತಿದ್ದೆ. ನಮ್ಮ ಸ್ನೇಹ ಹಾಗೆ ಶುರುವಾಯಿತು.

ಬೆಳಿಗ್ಗೆ ಬಸ್ಸು ಕಾಯುತ್ತ ನಿಂತಾಗ ಅವಳು ನನಗೊಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಹಿಂದಿನ ದಿನದ ಪಾಠವನ್ನು ಇಂಗ್ಲಿಷಿನಲ್ಲಿ ಹೇಳಲು ಪ್ರಯತ್ನಿಸುತ್ತಿದ್ದಳು. ಹಿನ್ನೆಲೆಯಲ್ಲಿ ಟ್ರ್ಯಾಕ್ಟರಿನ ಸದ್ದು, ಯಾರೋ ಅವಳನ್ನು ಮಾತಾಡಿಸುವುದು, ಅವಳು ಮಧ್ಯದಲ್ಲೇ ನಿಲ್ಲಿಸಿ ‘ಹೂಂ ಚಿಗವ್ವ, ಕಾಲೇಜಿಗೆ’ ಎನ್ನುವುದು ಎಲ್ಲವೂ ಕೇಳಿಸುತ್ತಿತ್ತು. ನಾನು ತಲೆ ಬಾಚಿಕೊಳ್ಳುತ್ತ ಕೇಳುತ್ತಿದ್ದೆ.

ಒಮ್ಮೆ ಮೂತ್ರಪಿಂಡದ ಬಗ್ಗೆ ಅವಳು ಸೆಮಿನಾರ್ ಕೊಡಬೇಕಿತ್ತು. ಅದರ ತಯಾರಿಯ ಮೆಸೇಜಿನಲ್ಲಿ ‘ನೆಫ್ರಾನ್’ ಎಂಬ ಪದ ಅವಳಿಗೆ ನಾಲ್ಕು ಸಲವೂ ತಪ್ಪಿತು. ಕೊನೆಗೆ, “ಅಯ್ಯೋ ಶಿವನೆ, ಇದು ನಾಲಿಗಿಗೆ ಹತ್ತವಲ್ದು. ಲೇ, ಇದನ್ನ ಯಾರಿಗೂ ಕೇಳಿಸ್ಬ್ಯಾಡ” ಅಂದು ನಕ್ಕುಬಿಟ್ಟಳು. ನಾನೂ ನಕ್ಕೆ.

ಆ ದಿನಗಳಲ್ಲಿ ಕಾಲೇಜಿನ ಯಾರೋ ಹೆಸರು ಹೇಳದೆ ಒಂದು ಪೇಜು ನಡೆಸುತ್ತಿದ್ದರು. ಯಾರು ಯಾರ ಹಿಂದೆ ಬಿದ್ದಿದ್ದಾರೆ, ಯಾವ ಲೆಕ್ಚರರ್ ಹೇಗೆ ನಡೆಯುತ್ತಾರೆ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ನನಗೆ ಆ ಪೇಜಿನ ಹುಚ್ಚು ಹಿಡಿದಿತ್ತು. ನನ್ನ ಫೋಟೋಗಳಿಗೆ ಬೀಳುತ್ತಿದ್ದ ಲೈಕುಗಳನ್ನು ಬೇರೆ ಹುಡುಗಿಯರ ಲೈಕುಗಳ ಪಕ್ಕ ಇಟ್ಟು ನೋಡಿ ಕುಗ್ಗುತ್ತಿದ್ದೆ. ನಮ್ಮದು ಕ್ರೈಸ್ತ ಮನೆ; ಸಂಜೆ ಎಲ್ಲರೂ ಕೂಡಿ ಜಪಸರ ಹೇಳುವಾಗಲೂ ಮಣಿ ಎಣಿಸುವ ಬೆರಳು ಫೋನಿನ ಕಡೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಪೇಜಿನವರು ನಗು ಬರುವಂಥದ್ದೇನಾದರೂ ಕಳಿಸಿ ಎಂದು ಕೇಳಿದ್ದರು. ನಾನು ಅವಳ ದನಿಯನ್ನು ಕಳಿಸಿದೆ. ಹೆಸರು ಹಾಕಿಲ್ಲವಲ್ಲ, ಏನಾಗುತ್ತದೆ ಅಂದುಕೊಂಡಿದ್ದೆ. ಅವರು ‘ಸೂಪರ್’ ಎಂದು ಉತ್ತರ ಬರೆದಾಗ ನನಗೆ ಖುಷಿಯಾಗಿದ್ದೂ ನಿಜ.

ಮರುದಿನ ಕ್ಯಾಂಟೀನಿನಲ್ಲಿ ಹುಡುಗರು ‘ಅಯ್ಯೋ ಶಿವನೆ’ ಅನ್ನತೊಡಗಿದ್ದರು. ಎಮ್ಮೆಯೊಂದು ಬಾಯಾಡಿಸುವ ವಿಡಿಯೋಗೆ ಅವಳ ದನಿ ಸೇರಿಸಿ ರೀಲ್ ಮಾಡಿದ್ದರು. ಮೊದಲು ಅವಳಿಗೆ ಅರ್ಥವಾಗದೆ ಎಲ್ಲರ ಜೊತೆ ಅವಳೂ ನಕ್ಕಳು. ಆಮೇಲೆ ಯಾರೋ ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದರು. ಅವಳು ತಿರುಗಿ ನನ್ನ ಮುಖ ನೋಡಿದಳು. ಆ ಮೆಸೇಜ್ ಇದ್ದದ್ದು ನನ್ನೊಬ್ಬಳ ಹತ್ತಿರ. ಕ್ಲಾಸಿಗೆ ಹೋಗಿ ನನ್ನ ಪಕ್ಕದಿಂದ ಚೀಲ ತೆಗೆದುಕೊಂಡು ಹಿಂದಿನ ಬೆಂಚಿನಲ್ಲಿ ಕೂತಳು. ಸೆಮಿನಾರಿನ ದಿನ ಬೋರ್ಡಿನ ಮುಂದೆ ನಿಂತಳು, ಬಾಯಿ ತೆರೆಯಲಿಲ್ಲ. ಮರುವಾರದಿಂದ ಕಾಲೇಜಿಗೇ ಬರಲಿಲ್ಲ.

ಆ ರೀಲನ್ನು ತೆಗೆಯಿರಿ ಎಂದು ಪೇಜಿಗೆ ಬರೆದೆ. ನಗುವ ಮುಖವೊಂದನ್ನು ಕಳಿಸಿ ಸುಮ್ಮನಾದರು. ಅವಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಭಾನುವಾರ ಚರ್ಚಿನ ಪೂಜೆಯಲ್ಲಿ ಎಲ್ಲರೂ ಪ್ರಸಾದ ಸ್ವೀಕರಿಸಲು ಎದ್ದಾಗ, ಆ ತಪ್ಪು ಹೊತ್ತು ಅದನ್ನು ಮುಟ್ಟಬಾರದೆಂದು ನಾನು ಕೂತೇ ಇದ್ದೆ. ಮುಂದಿನ ಭಾನುವಾರವೂ ಹಾಗೇ ಕೂತೆ. ಅಮ್ಮ ಅದನ್ನು ಗಮನಿಸಿದ್ದಳು. ಶನಿವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚುತ್ತ, ಹರಿಹರದ ಚರ್ಚಿಗೆ ಹೋಗಿಬರೋಣ ಅಂದಳು. ಅಲ್ಲಿನ ವಯಸ್ಸಾದ ಫಾದರ್ ನನಗೆ ಗುರುತಿಲ್ಲದವರು, ಹಾಗಾಗಿ ಪಾಪನಿವೇದನೆ ಸುಲಭವಾದೀತು ಎಂದು ಅಮ್ಮ ಯೋಚಿಸಿದ್ದಳೆಂದು ಈಗ ಅನ್ನಿಸುತ್ತದೆ.

ಅಲ್ಲಿ ಪಾಪನಿವೇದನೆಯ ಪರದೆಯ ಈಚೆ ಮೊಣಕಾಲೂರಿ ಎಲ್ಲ ಹೇಳಿದೆ. ರೀಲ್ ಅಂದರೇನು ಎಂದು ಫಾದರಿಗೆ ವಿವರಿಸಬೇಕಾಯಿತು. ನನಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಪ್ರಾರ್ಥನೆ ಮಾಡಲು ಆಗುವುದಿಲ್ಲ ಎಂದೆಲ್ಲ ಅತ್ತೆ. ಅವರು ಪೂರ್ತಿ ಕೇಳಿ ಕೊನೆಗೆ, “ಆ ಹುಡುಗಿ ಈಗ ಹೆಂಗದಾಳೆ?” ಅಂದರು.

ಅಷ್ಟು ಹೊತ್ತೂ ನನ್ನ ಬಗ್ಗೆಯೇ ಮಾತಾಡಿದ್ದೆ.

“ದೇವರ ಹತ್ರ ಬಂದೀಯ ಮಗಳೇ, ಒಳ್ಳೇದು. ಅವಳ ಮನಿಗೂ ಹೋಗ್ಬೇಕು” ಅಂದರು. ಅವಳು ಕ್ಷಮಿಸದಿದ್ದರೆ ಎಂದು ಕೇಳಿದೆ. “ಅದು ಅವಳಿಗೆ ಬಿಟ್ಟಿದ್ದು. ನೀನು ನಿಜ ಹೇಳಿ ಬಾ.” ಎಷ್ಟು ಜನರ ಮುಂದೆ ಅವಳ ಮಾನ ಹೋಯಿತೋ ಅಷ್ಟೇ ಜನರ ಮುಂದೆ ನನ್ನ ತಪ್ಪು ನಾನು ಒಪ್ಪಬೇಕು ಎಂದೂ ಹೇಳಿದರು. ಆಮೇಲೆ ಪಾಪಕ್ಷಮೆಯ ಪ್ರಾರ್ಥನೆ ಹೇಳಿ ಕಳಿಸಿದರು.

ಮರುದಿನವೇ ಅಮ್ಮನ ಜೊತೆ ಕುಕ್ಕುವಾಡಕ್ಕೆ ಹೋದೆ. ಭತ್ತದ ಗದ್ದೆಗಳಿಗೆ ಆಗಷ್ಟೇ ನೀರು ಬಿಟ್ಟಿದ್ದರು. ಅವಳ ಅವ್ವ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಹೊರಬಂದವರು, “ಬರ್ರಿ ಅಕ್ಕಾರೆ, ಕೂಡ್ರಿ” ಎಂದು ಚಾಪೆ ಹಾಸಿ ಮಂಡಕ್ಕಿ ತಂದಿಟ್ಟರು. ಮಗಳು ಯಾಕೆ ಕಾಲೇಜು ಬಿಟ್ಟಳೆಂದು ಅವರಿಗೆ ತಿಳಿದಿರಲಿಲ್ಲ. ಗೆಳತಿ ಬುದ್ಧಿ ಹೇಳಲು ಬಂದಿದ್ದಾಳೆಂದು ಅವರು ಖುಷಿಪಟ್ಟರು. ಆ ಖುಷಿಯ ಮುಂದೆ ಕೂರುವುದೇ ನನಗೆ ಕಷ್ಟವಾಯಿತು.

ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನಾನೇ ಕಳಿಸಿದ್ದು ಅಂದೆ.

“ಗೊತ್ತೈತೆ” ಅಂದಳು. ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತ, “ನಾ ಕ್ಷಮಿಸೀನಿ ಅಂದ್ರೆ ನಿನಗೆ ಹಗುರಾಗತೈತೆ. ನನಗೇನಾಗತೈತೆ ಹೇಳು? ಬಾಯಿ ತೆಗೆದ್ರೆ ಸಾಕು, ಆ ನಗು ಕೇಳಿಸ್ತೈತೆ ನನಗೆ” ಅಂದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. ಅವ್ವನಿಗೆ ಇದನ್ನು ಹೇಳಬೇಡ ಎಂದಷ್ಟೇ ಕೇಳಿಕೊಂಡಳು. ನಾವು ಹೊರಡುವಾಗ ಬಾಗಿಲಿಗೆ ಬರಲಿಲ್ಲ.

ಆ ಸಂಜೆ ಪೇಜಿನಲ್ಲಿ, ಆ ರೀಲಿನ ಕೆಳಗೆ, ನನ್ನ ಹೆಸರು ಹಾಕಿ ಬರೆದೆ. ಆ ದನಿ ನನ್ನನ್ನು ನಂಬಿದವಳದು, ಅವಳನ್ನು ಕೇಳದೆ ಕಳಿಸಿದವಳು ನಾನು ಎಂದು. ಒಂದೆರಡು ದಿನದಲ್ಲಿ ಅವಳ ರೀಲು ಹಿಂದೆ ಸರಿದು ನನ್ನ ಫೋಟೋ ಮುಂದೆ ಬಂತು. ಮನೆಹಾಳಿ ಎಂದರು, ನನ್ನ ಕೊರಳಿನ ಶಿಲುಬೆಯನ್ನೂ ಆಡಿಕೊಂಡರು. ಅವನ್ನೆಲ್ಲ ಓದುವಾಗಲೇ ಅವಳು ಹಿತ್ತಲಿನಲ್ಲಿ ಹೇಳಿದ್ದು ನನಗೆ ತಟ್ಟಿದ್ದು. ಎಲ್ಲ ಖಾತೆಗಳನ್ನೂ ಅಳಿಸಿ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅವಸರದಲ್ಲಿ ಅವಳ ಬೆಳಗಿನ ಮೆಸೇಜುಗಳೂ ಅಳಿಸಿಹೋದವು.

ಫೋನಿಲ್ಲದ ಮೊದಲ ತಿಂಗಳು ಸಲೀಸಾಗಿರಲಿಲ್ಲ. ಕೈ ಸುಮ್ಮಸುಮ್ಮನೆ ದಿಂಬಿನ ಕೆಳಗೆ ತಡಕಾಡುತ್ತಿತ್ತು. ಅಮ್ಮ ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಪೂಜೆಗೆ ಕರೆದೊಯ್ಯುತ್ತಿದ್ದಳು. ಎಷ್ಟೋ ದಿನ ಬೆಂಚಿನಲ್ಲಿ ತೂಕಡಿಸಿದ್ದೇನೆ. ದೇವರ ದನಿ ಗಿನಿ ಏನೂ ಕೇಳಿಸಲಿಲ್ಲ. ಆದರೆ ಅಲ್ಲಿ ನನ್ನನ್ನು ಯಾರೂ ಅಳೆಯುತ್ತಿರಲಿಲ್ಲ. ನಾನು ಮಾಡಿದ್ದೆಲ್ಲ ಗೊತ್ತಿದ್ದೂ ಬಾ ಎನ್ನುವ ಒಬ್ಬನ ಮುಂದೆ ಕೂತಿದ್ದೇನೆ ಎಂಬ ಭಾವ ನಿಧಾನಕ್ಕೆ ಬಂತು. ಮತ್ತೆ ಪ್ರಸಾದ ಸ್ವೀಕರಿಸಿದ ದಿನ ಅಮ್ಮ ಬೆಣ್ಣೆದೋಸೆ ಕೊಡಿಸಿದಳು.

ಈಗ ನಮ್ಮ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಹೋದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಮೈಬಣ್ಣದ ಬಗ್ಗೆ ಚರ್ಚಿನ ಮಕ್ಕಳ ಗುಂಪಿನಲ್ಲಿ ಯಾರೋ ಬರೆದದ್ದನ್ನು ಫೋನಿನಲ್ಲಿ ತೋರಿಸಿ, ಇನ್ನು ಚರ್ಚಿಗೆ ಬರುವುದಿಲ್ಲ ಅಕ್ಕ ಅಂದಳು. ಉಪದೇಶ ಮಾಡಲು ಮನಸ್ಸಾಗಲಿಲ್ಲ. ನನ್ನ ಕಥೆ ಹೇಳಿದೆ, ನಾನು ಯಾವ ಕಡೆಯವಳಾಗಿದ್ದೆ ಎಂಬುದನ್ನೂ ಸೇರಿಸಿ. ಆಮೇಲೆ ಇಬ್ಬರೂ ಅವಳ ಮನೆಗೆ ಹೋಗಿ ಅವಳಪ್ಪನಿಗೆ ತಿಳಿಸಿದೆವು. ಅವಳು ಬರುವುದನ್ನು ನಿಲ್ಲಿಸಲಿಲ್ಲ.

ನನ್ನ ಗೆಳತಿಯ ಸುದ್ದಿ ಸಿಕ್ಕಿದ್ದು ನಮ್ಮೂರಿನ ಮಂಡಿಪೇಟೆಯಲ್ಲಿ, ಅವಳ ಅವ್ವನಿಂದ. ರಾಣೆಬೆನ್ನೂರಿನ ಸೋದರತ್ತೆಯ ಮನೆಯಲ್ಲಿದ್ದು ಡಿಪ್ಲೊಮಾ ಮುಗಿಸಿ, ಅಲ್ಲೇ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳಂತೆ. ನನ್ನ ನಂಬರ್ ಕೊಟ್ಟು, ಅವಳು ಒಪ್ಪಿದರೆ ಮಾತಾಡುತ್ತೇನೆ ಅಂದೆ. “ಕೇಳಿ ನೋಡ್ತೀನವ್ವ” ಅಂದರು. ಇಷ್ಟು ದಿನವಾದರೂ ಕರೆ ಬಂದಿಲ್ಲ.

ಹೋದ ತಿಂಗಳು ತಡೆಯಲಾಗದೆ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಮಾತಾಡಲಿ ಎಂದು ಜೋಡಿಸಿಕೊಳ್ಳುತ್ತಿದ್ದೆ. ಅವಳು ಇನ್ನೂ ಹೂಂ ಅಂದಿಲ್ಲ ಎಂಬುದು ಹರಿಹರ ಹತ್ತಿರವಾದಂತೆ ಹೆಚ್ಚು ಹೆಚ್ಚು ನೆನಪಾಯಿತು. ಹರಿಹರದಲ್ಲಿ ಇಳಿಯಲು ಎದ್ದೆ. ಕಂಡಕ್ಟರ್ ನನ್ನ ಟಿಕೆಟ್ ನೋಡಿ, “ರಾಣೆಬೆನ್ನೂರು ಇನ್ನೂ ದೂರ ಐತಲ್ಲಮ್ಮ” ಅಂದ. ಗೊತ್ತು ಎಂದು ಇಳಿದೆ. ಬಸ್ಸು ಹೊಳೆಯ ಸೇತುವೆಯ ಕಡೆ ತಿರುಗುವವರೆಗೂ ನಿಲ್ದಾಣದಲ್ಲೇ ನಿಂತಿದ್ದೆ.