ಹಿರೇರಗುಡ್ಡದ ಮಂದಿಯನ್ನು ಕರೆತಂದ ತಾಯಣ್ಣ

ಬೆಣಚಿನಾಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ದೇವದುರ್ಗ ತಾಲೂಕಿನ ಈ ಊರಿನ ನೀರಿನ ಟಾಕಿ ಕೆಳಗೆ ತಾಯಣ್ಣ ಮೊಣಕಾಲೂರಿ ಕೂತು ವಾಲ್ವ್ ತಿರುಗಿಸುತ್ತಿದ್ದಾರೆ. ಪೈಪಿನೊಳಗೆ ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ನೀರು. "ಯವ್ವಾ, ನೀರು ಬಂತು, ಏಳ್ರಿ" ಎಂದು ಕೂಗುತ್ತ ಓಣಿಗಳನ್ನು ದಾಟಿ, ಕೊನೆಗೆ ಗುಡ್ಡದ ಬುಡದ ಹಟ್ಟಿಗೆ ಬರುತ್ತಾರೆ. ಅದು ಅವರದೇ ಹಟ್ಟಿ. ನಳ ಅಲ್ಲಿಗೇ ಕೊನೆ, ಧಾರೆಯೂ ಸಣ್ಣ.

ಪಂಚಾಯಿತಿಯ ಈ ನೀರಗಂಟಿಯನ್ನು ಹುಡುಕಿಕೊಂಡು ನಾನು ಬಂದದ್ದು ನೀರಿನ ಸುದ್ದಿಗಲ್ಲ. ಹಟ್ಟಿಯ ಹಿಂದಿನ ಹಿರೇರಗುಡ್ಡ ಇವತ್ತಿಗೂ ನಿಂತಿರುವುದರಲ್ಲಿ ಅವರ ಪಾಲು ದೊಡ್ಡದು. ಊರಾಚೆ ಅದು ಯಾರಿಗೂ ಗೊತ್ತಿಲ್ಲ.

ಗುಡ್ಡದ ನೆತ್ತಿಯಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಪುಟ್ಟ ಗೂಡುಗಳಿವೆ. ಬಹಳ ಹಿಂದಿನ ಕಾಲದ ಸಮಾಧಿಗಳು ಎನ್ನುತ್ತಾರೆ ಬಲ್ಲವರು. ಹಟ್ಟಿಯವರಿಗೆ ಅವು ಹಿರಿಯರ ಮನೆ. ಒಂದೊಂದು ಮನೆತನಕ್ಕೆ ಒಂದೊಂದು ಕಲ್ಲು. ಕೂಸು ಹುಟ್ಟಿದರೆ ಅದರ ಹೆಸರನ್ನು ಮೊದಲು ಕಲ್ಲಿಗೆ ಹೇಳಿ, ಆಮೇಲೆ ತೊಟ್ಟಿಲಿಗೆ ಹಾಕುತ್ತಾರೆ.

ಎರಡು ವರ್ಷದ ಹಿಂದೆ ಒಂದು ಗ್ರಾನೈಟ್ ಕಂಪನಿ ಈ ಗುಡ್ಡ ಕೇಳಿತು. ಗ್ರಾಮಸಭೆ ಕರೆದರು. ಬಂದವರೆಲ್ಲ ಮೇಲಿನ ಓಣಿಯವರು. ಹಟ್ಟಿಯ ಮಂದಿ ಆಗ ರಾಯಚೂರಿನ ಹತ್ತಿ ಮಿಲ್ಲುಗಳಲ್ಲಿ, ಮಾನ್ವಿ ಕಡೆಯ ಭತ್ತದ ಗದ್ದೆಗಳಲ್ಲಿ ದುಡಿಯುತ್ತಿದ್ದರು. "ತಕರಾರು ಇದ್ದರೆ ಹೇಳಿ" ಎಂದು ಅಧಿಕಾರಿ ಕೇಳಿದರು. ನೀರಿನ ಲೋಟ ಹಂಚುತ್ತಿದ್ದ ತಾಯಣ್ಣ ಅಲ್ಲೇ ನಿಂತರು.

"ಸಾಹೇಬ್ರ, ಆ ಗುಡ್ಡದಾಗ ಯಾರ ಹಿರೇರು ಮಲಗ್ಯಾರೋ ಅವ್ರನ್ನ ನೀವು ಕೇಳೇ ಇಲ್ರಿ. ಅವ್ರು ಊರಾಗಿಲ್ಲ. ನಾ ಕರ್ಕೊಂಡು ಬರ್ತೀನಿ, ಅಲ್ಲೀತನ ತಡೀರಿ."

ಅದನ್ನು ನೆನೆದು ಈಗ ನಗುತ್ತಾರೆ. "ಮಾತಿನ ಭರದಾಗ ಲೋಟದಾಗಿನ ನೀರೆಲ್ಲ ನನ್ನ ಅಂಗಿ ಮ್ಯಾಲೇ ಚೆಲ್ಲಿತ್ರಿ." ಅಧಿಕಾರಿ ಇನ್ನೊಂದು ಸಭೆಗೆ ಒಪ್ಪಿದರು. ಊರಿನ ಕೆಲವರಿಗೆ ಅದು ಸರಿಬರಲಿಲ್ಲ. ಮರುದಿನವೇ ತಾಯಣ್ಣನನ್ನು ಕೆಲಸದಿಂದ ನಿಲ್ಲಿಸಿದರು.

"ಛಲೋನೇ ಆತು ಬಿಡ್ರಿ, ತಿರುಗಾಡಾಕ ಟೈಮ್ ಸಿಕ್ತು" ಎನ್ನುತ್ತಾರೆ ತಾಯಣ್ಣ. ಹೆಂಡತಿ ಗೋಪಮ್ಮ ರೊಟ್ಟಿ ಬಡಿಯುತ್ತಲೇ ತಿರುಗುತ್ತಾರೆ. "ಟೈಮ್ ಇವ್ರಿಗೆ ಸಿಕ್ತು, ಕೂಲಿಗಿ ಹೋದಾಕಿ ನಾನು. ಆದ್ರ ಬ್ಯಾಡ ಅನ್ನಲಿಲ್ರಿ. ದಿನಾ ಬುತ್ತಿ ಕಟ್ಟಿ ಕಳಿಸೀನಿ."

ಆ ಬುತ್ತಿ ಹಿಡಿದು ತಾಯಣ್ಣ ಬಸ್ಸು ಹತ್ತಿದರು. ಮಾನ್ವಿಯ ಬಾಗಲವಾಡದಲ್ಲಿ ಕೆಸರುಗದ್ದೆಗೆ ಇಳಿದು ನಾಟಿಯವರಿಗೆ ಹೇಳಿದರು. ರಾಯಚೂರಿನ ಮಿಲ್ಲೊಂದರ ಗೇಟಿನಲ್ಲಿ, ರೆಪ್ಪೆಯ ಮೇಲೂ ಹತ್ತಿ ಅಂಟಿಸಿಕೊಂಡು ಹೊರಬಂದ ಹಟ್ಟಿಯ ವೆಂಕೋಬನನ್ನು ಹಿಡಿದರು. "ಕಾಕಾ, ಒಂದಿನ ಬಿಟ್ರ ಕೆಲಸಾನೇ ಹೋಗ್ತದ" ಎಂದ ಅವನು. ತಾಯಣ್ಣ ನೇರ ಮೇಸ್ತ್ರಿ ಸಮೀಉಲ್ಲಾರ ಬಳಿ ಹೋಗಿ ವಿಷಯ ಬಿಡಿಸಿ ಹೇಳಿದರು. "ನಮ್ಮ ದರ್ಗಾಕ್ಕ ಯಾರರ ಕೈ ಹಾಕಿದ್ರ ನಾ ಸುಮ್ನ ಇರ್ತಿದ್ನೇನು? ಕರ್ಕೊಂಡು ಹೋಗ್ರಿ. ಇವ್ರ ಕೆಲಸಕ್ಕ ನಾ ಜಿಮ್ಮೇದಾರ" ಎಂದರಂತೆ ಸಮೀಉಲ್ಲಾ.

ಎರಡನೇ ಸಭೆ ಗುಡ್ಡದ ಬುಡದಲ್ಲೇ, ಬೇವಿನ ಮರದ ಕೆಳಗೆ ಕೂಡಿತು. ಟೆಂಪೋಗಳಲ್ಲಿ ಮಂದಿ ಬಂದಿಳಿದರು. ಕಂಪನಿಯವರು ರಸ್ತೆ, ಶಾಲೆ, ಕೆಲಸ ಎಲ್ಲ ಕೊಡುತ್ತೇವೆಂದರು. ಕೆಲವು ಹುಡುಗರ ಮನಸ್ಸು ಹೊಯ್ದಾಡಿದ್ದೂ ನಿಜ. ಆಗ ಎದ್ದದ್ದು ಹಟ್ಟಿಯ ಹಿರಿಯಜ್ಜಿ ಮುದುಕಮ್ಮ.

"ನನ್ನ ಮೊದಲನೇ ಕೂಸು ತೊಟ್ಟಿಲಿಗಿ ಹಾಕೂಕಿಂತ ಮೊದಲೇ ಹೋತ್ರಿ. ಹೆಸರಿಡದ ಕೂಸಿಗೆ ಯಾಕ ಅಳ್ತಿ ಅಂದ್ರು ಮಂದಿ. ನಾ ಒಬ್ಬಾಕಿನೇ ಗುಡ್ಡ ಹತ್ತಿ ನಮ್ಮ ಕಲ್ಲಿಗಿ ಅದರ ಹೆಸರು ಹೇಳಿ ಬಂದೀನಿ. ಗಂಡಗೂ ಹೇಳಿಲ್ಲ. ಆ ಹೆಸರು ನನಗ, ಆ ಕಲ್ಲಿಗಿ ಅಷ್ಟೇ ಗೊತ್ತದ. ಕಲ್ಲು ಒಡದ್ರ, ನಾ ಸತ್ತಮ್ಯಾಲೆ ನನ್ನ ಕೂಸಿನ್ನ ಯಾರು ಕರೀತಾರ?"

ಅಧಿಕಾರಿ ಕೈ ಎತ್ತಲು ಹೇಳಿದರು. ಗುಡ್ಡ ಕೊಡುವುದು ಬೇಡವೆಂದು ಮೊದಲು ಕೈ ಎತ್ತಿದ್ದು ಆ ಹುಡುಗರೇ. ಮೇಲಿನ ಓಣಿಯ ಹೆಂಗಸರೂ ಒಬ್ಬೊಬ್ಬರಾಗಿ ಎತ್ತಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಹಿರೇರಗುಡ್ಡವನ್ನು ಗಣಿಗಾರಿಕೆಯಿಂದ ಕೈಬಿಟ್ಟ ಆದೇಶ ಬಂತು. ಹಟ್ಟಿಯ ಹೆಂಗಸರು ಖಾಲಿ ಕೊಡ ಹಿಡಿದು ಪಂಚಾಯಿತಿ ಮುಂದೆ ಕೂತ ಮೇಲೆ ತಾಯಣ್ಣನಿಗೆ ಕೆಲಸವೂ ಮರಳಿ ಸಿಕ್ಕಿತು. ಎಲ್ಲವೂ ಉಳಿಯಿತು ಎನ್ನುವ ಹಾಗಿಲ್ಲ. ಆಚೆ ದಿಬ್ಬದಲ್ಲಿ ಬೇರೆ ಕ್ವಾರಿ ನಡೆದಿದೆ. ಮಧ್ಯಾಹ್ನ ಸಿಡಿಮದ್ದು ಹಾರಿದಾಗ ಗೋಪಮ್ಮನ ನೆಲುವಿನ ಗಡಿಗೆಗಳು ಅಲುಗುತ್ತವೆ.

"ಇಲ್ಲಿಗೂ ಮತ್ತೆ ಬಂದರೆ?" ಎಂದು ಕೇಳುತ್ತೇನೆ. ತಾಯಣ್ಣ ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಬರ್ಲಿ ಬಿಡ್ರಿ, ಕೇಳ್ಲಿ. ಮೊದಲ ನಮ್ಮನ್ನ ಯಾರೂ ಕೇಳ್ತಿದ್ದಿಲ್ಲ. ಕೇಳಿದ್ರ ಹೇಳಾಕ ನಾವದೀವಿ ಅಂತ ಈಗ ಅವ್ರಿಗೂ ಗೊತ್ತಾಗೇದ, ನಮಗೂ ಗೊತ್ತಾಗೇದ."