ಫ್ರೆಂಚರ ಗನ್ನಿಗೆ ಎಣ್ಣೆ ಹಚ್ಚಿದವನು

ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನ ಅಮೆರಿಕನ್ ಶಿಬಿರದಲ್ಲಿ ಕ್ಲೈಡ್ ಆರ್ವಿಲ್ ಹಾಗೆನ್‌ನನ್ನು ಮೊದಲು ಕಂಡ ದಿನ, ಅವನು ಫ್ರೆಂಚರು ಕೊಟ್ಟ ಶೋಶಾ ಮೆಷಿನ್ ಗನ್ನನ್ನು ಬೈಯುತ್ತಾ, ಅದರ ಅರ್ಧಚಂದ್ರದಂಥ ಗುಂಡಿನ ಡಬ್ಬಿಗೂ ಧಾರಾಳವಾಗಿ ಎಣ್ಣೆ ಬಳಿಯುತ್ತಿದ್ದನು. ಅವನಂಥ ಮಿನ್ನೆಸೋಟಾದ ಹೈನುಗಾರರಿಗೆ ಯಾವ ಯಂತ್ರ ಮುನಿದರೂ ಎಣ್ಣೆಯೇ ಮದ್ದು.

"ಲೋ, ಡಬ್ಬಿಯ ಒಂದು ಪಕ್ಕ ಬಾಯಿ ಬಿಟ್ಕೊಂಡಿದೆ. ಎಣ್ಣೆಗೆ ಮಣ್ಣು ಮೆತ್ಕೊಳ್ಳತ್ತೆ ಕಣೋ," ಎಂದನು ಜೊತೆಗಾರ ಕ್ಲೈಡ್.

"ನೀನು ಗುಂಡು ಹೊರೋನು, ಹೊರು. ಬುದ್ಧಿ ಹೇಳ್ಬೇಡ."

ಮರುವಾರ ಯುದ್ಧದಲ್ಲಿ, ಗುಂಡು ತರಲು ಹೋದ ಕ್ಲೈಡ್ ಗೋಧಿ ಹೊಲದ ನಡುವೆ ಸಿಕ್ಕಿಬಿದ್ದನು. ಆರ್ವಿಲ್ ಗುಂಡು ಹಾರಿಸಿ ಜರ್ಮನರು ತಲೆ ಎತ್ತದಂತೆ ಮಾಡದಿದ್ದರೆ ಅವನು ಬದುಕಿ ಬರುವಂತಿರಲಿಲ್ಲ. ಆದರೆ ಗನ್ನು ಎರಡು ಸಲ ಕೆಮ್ಮಿ ನಿಂತೇಹೋಯಿತು. ಡಬ್ಬಿಯೊಳಗೆ ಎಣ್ಣೆಯೂ ಮಣ್ಣೂ ಕಲಸಿ ಮುದ್ದೆಯಾಗಿತ್ತು.

"ದರಿದ್ರದ ಗನ್ನು!" ಎಂದು ಹಲ್ಲು ಕಡಿಯುತ್ತಾ ಆರ್ವಿಲ್ ಗುಂಡುಗಳನ್ನೆಲ್ಲ ಹೊರತೆಗೆದು, ಅವನ್ನೂ ಡಬ್ಬಿಯನ್ನೂ ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ತುಂಬಿದನು. ಈ ಸಲ ಗನ್ನು ಗುಡುಗಿತು. ಕ್ಲೈಡ್ ತೆವಳುತ್ತಾ ಬಂದು ಪಕ್ಕದಲ್ಲಿ ಕುಸಿದನು.

"ಇಷ್ಟು ಹೊತ್ತು ಹಸು ಕರೀತಿದ್ಯೇನೋ?"

"ಬಾಯ್ಮುಚ್ಕೊಂಡು ಡಬ್ಬಿ ಕೊಡೋ!"

ಯುದ್ಧ ಮುಗಿದು, ಈಗ ಇಬ್ಬರೂ ಮಿನ್ನೆಸೋಟಾದ ಒಂದೇ ಊರಿನಲ್ಲಿ ನೆರೆಹೊರೆಯವರು. ಬೆಳಿಗ್ಗೆ ಒಂದೇ ಗಾಡಿಯಲ್ಲಿ ಹಾಲು ಹೇರಿಕೊಂಡು ಬೆಣ್ಣೆ ಕಾರ್ಖಾನೆಗೆ ಹೋಗುತ್ತಾರೆ. ಅಂದು ಗನ್ನು ನಿಂತದ್ದಕ್ಕೆ ತಪ್ಪೆಲ್ಲ ಫ್ರೆಂಚರದೇ ಎಂದು ಆರ್ವಿಲ್ ದಾರಿಯುದ್ದಕ್ಕೂ ವಾದಿಸುತ್ತಾನೆ. ಕ್ಲೈಡ್ ಒಪ್ಪುವುದೇ ಇಲ್ಲ.