ಅವ್ವ ಉಣ್ಣುವ ಹೊತ್ತು

ಮಳೆಗಾಲದಲ್ಲಿ ನಮ್ಮ ಪಯ್ಯಂಪಳ್ಳಿಯಲ್ಲಿ ಸೂರ್ಯ ಮುಳುಗುವುದು ಯಾರಿಗೂ ಕಾಣಿಸುವುದಿಲ್ಲ. ದಿನವಿಡೀ ಮೋಡದೊಳಗೇ ಇದ್ದವನು ಮೋಡದೊಳಗಿಂದಲೇ ಹೊರಟುಹೋಗುತ್ತಾನೆ. ಅದಕ್ಕೇ ಅಪ್ಪ ಸಂಜೆ ಅಂಗಳಕ್ಕಿಳಿದು ಅಂಗೈ ಬಿಡಿಸಿ ನೋಡುತ್ತಿದ್ದರು. ಗೆರೆಗಳು ಕಂಡರೆ ಇನ್ನೂ ಉಣ್ಣಬಹುದು, ಮಸುಕಾದರೆ ಒಲೆ ಆರಿಸಬೇಕು. ಊರಿನವರೆಲ್ಲ ಹಸ್ತದಲ್ಲಿ ಭವಿಷ್ಯ ಹುಡುಕಿದರೆ ನಮ್ಮಪ್ಪ ಹಸ್ತದಲ್ಲಿ ಅಸ್ತವನ್ನು ಓದುತ್ತಿದ್ದರು.

ನಾವು ಜೈನರು, ಗೆಳೆಯರೇ. ಯಾವುದೋ ಕಾಲದಲ್ಲಿ ಕನ್ನಡನಾಡಿನಿಂದ ಕೇರಳದ ಈ ಬೆಟ್ಟಗಳಿಗೆ ಬಂದು, ಶಾಲೆಯಲ್ಲಿ ಮಲಯಾಳವನ್ನೂ ಮನೆಯಲ್ಲಿ, ಬಸದಿಯಲ್ಲಿ ಕನ್ನಡವನ್ನೂ ಆಡಿಕೊಂಡು ಉಳಿದ ಬೆರಳೆಣಿಕೆಯ ಮನೆಗಳಲ್ಲಿ ನಮ್ಮದೂ ಒಂದು. ಕತ್ತಲಲ್ಲಿ ಉಂಡರೆ ಕಣ್ಣಿಗೆ ಬೀಳದ ಪುಟ್ಟ ಜೀವಗಳು ಅನ್ನದ ಜೊತೆ ಸಾಯುತ್ತವೆಂದು, ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಅಪ್ಪ, ಎಂದರೆ ಕಾಫಿ ಮೆಣಸು ಬೆಳೆಯುತ್ತಿದ್ದ ಶಾಂತಯ್ಯನವರು, ಈ ವ್ರತದಲ್ಲಿ ಬಂಡೆಯಂಥವರು. ಮಾತಿನಲ್ಲೂ ಬಂಡೆಯೇ. ಮಲಯಾಳದ ‘ಶರಿ’, ಅಂದರೆ ‘ಸರಿ’, ಎಂಬ ಒಂದೇ ಪದದಲ್ಲಿ ಇಡೀ ದಿನ ಕಳೆಯಬಲ್ಲವರು. ಅವರ ಪ್ರೀತಿಯೆಲ್ಲ ಕೈಯಲ್ಲಿತ್ತು: ಮಾಡು ಸೋರುವ ರಾತ್ರಿಗಳಲ್ಲಿ ನಮ್ಮ ಚಾಪೆಗಳನ್ನು ಒಣನೆಲಕ್ಕೆ ಎಳೆದು, ಹನಿ ಬೀಳುವ ಜಾಗದಲ್ಲಿ ತಾವು ಮಲಗುತ್ತಿದ್ದರು.

ವಯನಾಡು ಹೊಸದಾಗಿ ಜಿಲ್ಲೆಯಾಗಿ, ಯಾವ ಕಚೇರಿ ಯಾವ ಊರಿಗೆಂದು ಚಹಾದಂಗಡಿಗಳಲ್ಲಿ ಜಗಳವಾಗುತ್ತಿದ್ದ ಕಾಲ. ನಾನು ಒಂಬತ್ತನೇ ತರಗತಿ. ಅವ್ವನಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ ಮಾತ್ರೆ ಶುರುವಾಗಿ ತಿಂಗಳಾಗಿತ್ತಷ್ಟೇ. ಒಂದು ಬೆಳಗ್ಗೆ ಬಸದಿಗೆ ಹೊರಟ ಅಪ್ಪ ಅವ್ವನನ್ನು ಎಬ್ಬಿಸಲು ಹೋದರೆ ಅವಳು ಏಳಲಿಲ್ಲ. ಮೈಯೆಲ್ಲ ಬೆವೆತು ತಣ್ಣಗಾಗಿತ್ತು. ಕಣ್ಣು ಅರೆತೆರೆದಿದ್ದರೂ ನಮ್ಮನ್ನು ಗುರುತಿಸಲಿಲ್ಲ. ಅಪ್ಪ ಅವಳನ್ನು ಎತ್ತಿಕೊಂಡು ಗದ್ದೆಯ ಬದುವಿನ ಮೇಲೆ ಓಡಿದ್ದು, ಪಕ್ಕದ ಮನೆಯವರ ಜೀಪಿನಲ್ಲಿ ಮಾನಂದವಾಡಿಗೆ ಹೋಗುವಾಗ ದಾರಿಯುದ್ದಕ್ಕೂ ಅವಳ ಅಂಗಾಲು ಉಜ್ಜುತ್ತಿದ್ದದ್ದು ನನಗೆ ನೆನಪಿದೆ.

ಗ್ಲೂಕೋಸ್ ಹನಿಹನಿಯಾಗಿ ಮೈಸೇರಿದ ಮೇಲೆ ಅವ್ವ ಕಣ್ಣು ಬಿಟ್ಟಳು. ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಮಲಯಾಳದಲ್ಲಿ ಬಿಡಿಸಿ ಹೇಳಿದರು: ಮಾತ್ರೆ ತಿಂದು ಸಂಜೆಯಿಂದ ಮರುದಿನ ಬೆಳಗಿನವರೆಗೆ ಹೊಟ್ಟೆ ಖಾಲಿ ಬಿಟ್ಟರೆ ಇನ್ನೊಮ್ಮೆ ಹೀಗಾಗುತ್ತದೆ, ಆಗ ಇಲ್ಲಿಗೆ ತಲುಪುವಷ್ಟು ಹೊತ್ತು ಸಿಗಲಿಕ್ಕಿಲ್ಲ; ರಾತ್ರಿ ಎಂಟು ಗಂಟೆಗೆ ಊಟ ಆಗಲೇಬೇಕು.

ಅವ್ವ ಒಪ್ಪಲಿಲ್ಲ. “ಬುದ್ಧಿ ಬಂದಾಗಿಂದ ಬಿಡದ ವ್ರತ. ಈ ಹಾಳು ಜೀವಕ್ಕೋಸ್ಕರ ಬಿಡ್ಲಾ?” ಎಂದು ಗೋಡೆ ಕಡೆ ಮುಖ ತಿರುಗಿಸಿದಳು.

ಮನೆಗೆ ಬಂದ ದಿನವೇ ಅಪ್ಪ ನನ್ನನ್ನೂ ಕರೆದುಕೊಂಡು ಬಸದಿಗೆ ಹೋದರು. ನಮ್ಮಲ್ಲಿ ಪೂಜೆ ಮಾಡುವವರನ್ನು ಇಂದ್ರರು ಎನ್ನುತ್ತೇವೆ. ವಯಸ್ಸಾದ ಆ ಇಂದ್ರರು ಎಲ್ಲವನ್ನೂ ಕೇಳಿ, ಗಂಧ ತೇಯುವುದನ್ನು ನಿಲ್ಲಿಸಿ, “ಹುಳ ಸಾಯಬಾರದು ಅಂತ ಹೆಂಡತೀನ ಸಾಯಿಸ್ತೀಯಾ ಶಾಂತಯ್ಯ? ರೋಗಿಗೆ ಅನ್ನವೂ ಔಷಧಿಯೇ. ನಾನು ಹೇಳ್ದೆ ಅಂತ ಹೇಳು, ಉಣ್ಲಿ” ಎಂದರು.

ಅಪ್ಪ ಏಳಲಿಲ್ಲ. “ಅವಳು ಒಬ್ಬಳೇ ಉಣ್ಣೋಳಲ್ಲ. ನಾನೂ ಜೊತೆಗೆ ಉಣ್ಬೋದಾ?”

“ನಿನಗೇನು ರೋಗ?” ಎಂದು ನಕ್ಕ ಇಂದ್ರರು ಅಪ್ಪನ ಮುಖ ನೋಡಿ ನಗು ನಿಲ್ಲಿಸಿದರು. “ಉಣ್ಣೋದು ಬೇಡ. ಜೊತೆಗೆ ಕೂರು. ಕೂರೋದಕ್ಕೆ ಯಾವ ವ್ರತವೂ ಅಡ್ಡ ಬರಲ್ಲ.”

ಅಂದು ನಮ್ಮ ಮನೆಯಲ್ಲಿ ಮೊದಲ ಸಲ ಕತ್ತಲಾದ ಮೇಲೆ ಒಲೆ ಉರಿಯಿತು. ಹಚ್ಚಿದವರು ಅಪ್ಪ. ಹುಳುಗಳು ಬೆಳಕಿಗೆ ಹೋಗಲೆಂದು ಒಂದು ಲಾಟೀನನ್ನು ದೂರದ ಜಗಲಿಯಲ್ಲಿಟ್ಟು, ಇನ್ನೊಂದರ ಬೆಳಕಿನಲ್ಲಿ ಗಂಜಿಯನ್ನೂ ಹೆಸರುಕಾಳಿನ ಪಲ್ಯವನ್ನೂ ಕಣ್ಣಿಟ್ಟು ನೋಡಿ ಬಡಿಸಿದರು. ಅವ್ವ ಇಂದ್ರರ ಮಾತಿಗೆ ತಲೆಬಾಗಿ ಕೂತಳು, ಆದರೆ ಕೈ ಬಾಯಿಗೆ ಹೋಗಲಿಲ್ಲ.

“ನೀವೆಲ್ಲ ಬಾಯಿ ಕಟ್ಟಿಕೊಂಡು ಕೂತಿರುವಾಗ ನಾನೊಬ್ಬಳು ಉಣ್ಲಾ? ಗಂಟಲಲ್ಲಿ ಇಳಿಯಲ್ಲ.”

ಅಪ್ಪ ಗಂಜಿಯ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದರು. ಆಮೇಲೆ, ನಾನು ಅದುವರೆಗೆ ಕೇಳಿರದ ದನಿಯಲ್ಲಿ, “ಮೊನ್ನೆ ಕಾಟ್ಟಿಕುಳಂ ಬಸ್ಸಲ್ಲಿ ಏನಾಯ್ತು ಗೊತ್ತಾ?” ಎಂದರು. ಯಾರೋ ಒಬ್ಬ ದೊಡ್ಡ ಹಲಸಿನಹಣ್ಣನ್ನು ಸೀಟಿನ ಮೇಲೆ ಕೂರಿಸಿ, ಅದಕ್ಕೂ ಟಿಕೆಟ್ ತೆಗೆದಿದ್ದೇನೆ ಎಂದು ಹಟ ಹಿಡಿದದ್ದು, ನಿಂತಿದ್ದ ಹೆಂಗಸೊಬ್ಬಳು ಹಾಗಾದರೆ ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆಂದು ಹಣ್ಣನ್ನೆತ್ತಿ ತಾನು ಕೂತು, ಇಳಿಯುವಾಗ ಹಣ್ಣಿನೊಂದಿಗೇ ಇಳಿಯಹೊರಟದ್ದು. ಕಥೆ ಹೇಳಿ ಗೊತ್ತಿಲ್ಲದ ಅಪ್ಪ ಹಿಂದುಮುಂದು ಮಾಡಿ, ಮಧ್ಯೆ ಮರೆತು, ಬೆವರುತ್ತ ಹೇಳಿದರು. ಅವ್ವ ಮೊದಲು ಬೆರಗಾದಳು, ಆಮೇಲೆ ನಕ್ಕಳು, ನಗುತ್ತಲೇ ಮೊದಲ ಗುಟುಕು ಗಂಜಿ ಕುಡಿದಳು.

ಮರುದಿನದಿಂದ ಅಪ್ಪ ಬದಲಾದರು. ಪೇಟೆಗೆ ಹೋದರೆ ಕಿವಿ ತೆರೆದುಕೊಂಡು ಹೋಗುವರು. ಮೆಣಸು ಕೊಳ್ಳುವವನ ಬಡಾಯಿ, ಕಬಿನಿಯಲ್ಲಿ ಈಜಿ ಆಚೆ ದಡ ಸೇರಿದ ಎಮ್ಮೆ, ಎಲ್ಲವನ್ನೂ ಹೆಕ್ಕಿ ತಂದು ಎಂಟು ಗಂಟೆಗೆ ಅವ್ವನ ಮುಂದೆ ಬಡಿಸುವರು. ಅನ್ನ ಹಂಚಿಕೊಳ್ಳಲಾಗದವರು ಮಾತು ಹಂಚಿಕೊಂಡರು. ಮೌನಿಯೊಬ್ಬನನ್ನು ನಮ್ಮ ತಂದೆಯಾಗಿ ನಮಗೆ ತಿರುಗಿ ಕೊಟ್ಟದ್ದು ಆ ಕಾಯಿಲೆಯೇ ಎಂದು ಅನೇಕ ಸಲ ಅನ್ನಿಸಿ, ಕಾಯಿಲೆಗೂ ಕೃತಜ್ಞತೆ ಹೇಳಬಹುದೇ ಎಂದು ನಾನು ನಾಚಿದ್ದೇನೆ.

ಆದರೆ ಕತ್ತಲಲ್ಲಿ ಒಲೆಯ ಬೆಂಕಿ ಅಡಗುವುದಿಲ್ಲ. ವರ್ಷದ ಅಭಿಷೇಕದ ದಿನ ಅಪ್ಪ ಎಂದಿನಂತೆ ಹಾಲಿನ ಕಲಶ ಎತ್ತಲು ಹೋದಾಗ ಹಿರಿಯರೊಬ್ಬರು ಎಲ್ಲರೆದುರು, “ನಿನ್ನ ಮನೇಲಿ ಹೊತ್ತು ಮುಳುಗಿದ ಮೇಲೂ ಒಲೆ ಉರಿಯುತ್ತಂತಲ್ಲ?” ಎಂದು ಕೇಳಿದರು. ಅವ್ವ ಕಂಬದ ಹಿಂದೆ ಸರಿದಳು.

“ಹೌದು, ಉರಿಯುತ್ತೆ,” ಎಂದರು ಅಪ್ಪ. “ಹಚ್ಚೋದು ನಾನೇ. ಅವಳು ಇರೋತನಕ ಹಚ್ತೀನಿ. ಕಲಶ ಬೇರೆಯವರು ಎತ್ತಬೇಕು ಅಂದ್ರೆ, ಶರಿ.”

ಇಂದ್ರರು ಗರ್ಭಗುಡಿಯಿಂದ ಹೊರಬಂದು ಕಲಶವನ್ನು ತಾವೇ ಎತ್ತಿ ಅಪ್ಪನ ಕೈಗಿಟ್ಟರು. ಕೇಳಿದ ಹಿರಿಯರು ಪಕ್ಕಕ್ಕೆ ಸರಿದು ಅಪ್ಪನಿಗೆ ದಾರಿ ಬಿಟ್ಟರು. ಹಬ್ಬದ ಊಟಕ್ಕೆ ಕೂತಾಗ ಅವರ ಹೆಂಡತಿ ಅವ್ವನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡರು.

ಅವ್ವ ಇನ್ನೊಮ್ಮೆ ಆಸ್ಪತ್ರೆ ಕಾಣಲಿಲ್ಲ. ಇಪ್ಪತ್ತು ವರ್ಷಕ್ಕೂ ಮೀರಿ ಆ ಎಂಟು ಗಂಟೆ ನಡೆಯಿತು. ಅಪ್ಪ ಒಂದು ದಿನವೂ ತಮ್ಮ ವ್ರತ ಬಿಡಲಿಲ್ಲ, ಒಂದು ದಿನವೂ ಅವಳನ್ನು ಒಂಟಿಯಾಗಿ ಉಣ್ಣಲು ಬಿಡಲಿಲ್ಲ. ಕೊನೆಗೆ ಅವಳಿಗಿಂತ ಮೊದಲು ಹೊರಟುಹೋದವರು ಅವರೇ, ನಿದ್ದೆಯಲ್ಲಿ.

ಕಾರ್ಯಗಳೆಲ್ಲ ಮುಗಿದ ಮೇಲೆ ಅವ್ವನನ್ನು ಕಲ್ಪೆಟ್ಟಕ್ಕೆ, ನನ್ನ ಮನೆಗೆ ಕರೆತಂದೆ. ಮೊದಲ ದಿನ ಎಂಟಕ್ಕೆ ಬಡಿಸಿದೆ. ಅವಳು ತಟ್ಟೆ ನೋಡುತ್ತ ಕೂತಳು. ನಾನೂ ಕೂತೆ, ಅಳು ತಡೆದುಕೊಂಡು.

“ಸುಮ್ನೆ ಕೂರಬೇಡ ಮಗಳೇ,” ಎಂದಳು. “ಏನಾದ್ರೂ ಹೇಳು.”

ನಾನು ತಡವರಿಸಿದೆ. “ಹೋದ ತಿಂಗಳು ನಮ್ಮ ಆಫೀಸಿಗೆ ಕೊಳವಳ್ಳಿಯಿಂದ ಒಬ್ಬಜ್ಜ ಬಂದಿದ್ದ. ರೇಷನ್ ಕಾರ್ಡಿಗೆ ಹೆಂಡತಿ ಹೆಸರು ಹೇಳು ಅಂದ್ರೆ ನಾಚಿಕೊಂಡ. ಬರೆದಾದ್ರೂ ಕೊಡು ಅಂದೆ. ‘ಮನೆಯವಳು’ ಅಂತ ಬರೆದುಕೊಟ್ಟ.”

ಅವ್ವನ ತುಟಿ ಕೊಂಕಿತು. “ನಿಮ್ಮಪ್ಪನೂ ಅಷ್ಟೇ. ಇಷ್ಟು ವರ್ಷದಲ್ಲಿ ಒಂದು ದಿನ ನನ್ನ ಹೆಸರು ಹಿಡಿದು ಕರೆದವರಲ್ಲ,” ಎಂದು ಹೇಳುತ್ತ ಅನ್ನ ಕಲಸತೊಡಗಿದಳು.